ಜಿ.ಡಿ.ಎ. ಪರೀಕ್ಷೆಗೆ ತಯಾರಿ: ಕೈ ಮಾಡಿದ್ದನ್ನು ಬಾಯಿ ಹೇಳಲಿ

ವೀಲ್‌ಚೇರಿನ ಬ್ರೇಕ್ ನಾನು ಹಾಕಿದ್ದೆ. ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಎರಡೂ ಕಡೆಯ ಹಿಡಿ ಒತ್ತಿದ್ದು, ಕಟ್ ಎಂದು ಸದ್ದು ಬಂದದ್ದು, ಎಲ್ಲ ನೆನಪಿದೆ. ಆದರೆ ಆ ಹೊತ್ತಿಗೆ ಸರಿಯಾಗಿ ನಮ್ಮ ಟೀಚರ್ ಕಾಗದದ ಮೇಲೆ ಏನೋ ಬರೆಯುತ್ತಿದ್ದರು. ಮಾರ್ಕ್ಸ್ ಹೋಯಿತು. ಕೇಳಿದ್ದಕ್ಕೆ, "ನೀನು ಹೇಳಲಿಲ್ಲ, ನಾನು ನೋಡಲಿಲ್ಲ. ಮಾರ್ಕ್ಸ್ ಎಲ್ಲಿಂದ ಕೊಡಲಿ?" ಅಂದರು. ಪುಣ್ಯಕ್ಕೆ ಅದು ಅಭ್ಯಾಸದ ಪರೀಕ್ಷೆ. ನಿಜವಾದ ಪರೀಕ್ಷೆಗೆ ಇನ್ನೂ ಎರಡು ವಾರ ಇತ್ತು. ಆ ಎರಡು ವಾರ ನಾನು ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ "ಈಗ ನಾನು ಕೈ ತೊಳೆಯುತ್ತಿದ್ದೇನೆ" ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಚಾಳಿನ ಅಕ್ಕಪಕ್ಕದ ಮನೆಯವರು ಏನೆಂದುಕೊಂಡರೋ!

ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ಜಿ.ಡಿ.ಎ. ನರ್ಸಿಂಗ್ ಸಹಾಯಕರ ಕೆಲಸ. ಮುಂಬಯಿಯ ವಾರ್ಡುಗಳಲ್ಲಿ ಹೆಂಗಸರಾದರೆ 'ಮಾವಶಿ', ಗಂಡಸರಾದರೆ 'ಮಾಮಾ' ಅಂತಲೇ ಕರೆಯುತ್ತಾರೆ. ಸರ್ಟಿಫಿಕೇಟ್ ಇದ್ದರೂ ಹಾಗೇ ಕರೆಯುತ್ತಾರೆ, ಅದು ಬೇರೆ ಮಾತು. ಡೊಂಬಿವಲಿ, ಠಾಣೆ, ಭಾಂಡುಪ್ ಕಡೆಯ ನಮ್ಮ ಹುಡುಗಿಯರು, ಮಕ್ಕಳು ದೊಡ್ಡವರಾದ ಮೇಲೆ ಕೆಲಸ ಹುಡುಕುವ ಅಕ್ಕಂದಿರು ಈ ಕೋರ್ಸಿನ ಬಗ್ಗೆ ಆಗಾಗ ಕೇಳುತ್ತಾರೆ. ಅವರಲ್ಲಿ ಬಹಳ ಮಂದಿ ಊರಲ್ಲೋ ಇಲ್ಲಿನ ಪಾಲಿಕೆ ಶಾಲೆಯಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು: ಯಾವ ಸರ್ಟಿಫಿಕೇಟ್ ಅಂತ ನೋಡಿಕೊಳ್ಳಿ

ಫೀಸ್ ಕಟ್ಟುವ ಮೊದಲು ಈ ಕೆಲಸ ಮಾಡಿ. 'ಆರು ತಿಂಗಳಲ್ಲಿ ನರ್ಸ್ ಆಗಿ' ಎಂಬ ಬೋರ್ಡುಗಳು ಸ್ಟೇಷನ್ ಹೊರಗೆ ಬೇಕಾದಷ್ಟಿವೆ. ಆರು ತಿಂಗಳಲ್ಲಿ ಯಾರೂ ನರ್ಸ್ ಆಗುವುದಿಲ್ಲ. ನರ್ಸ್ ಆಗುವ ಕೋರ್ಸುಗಳೇ ಬೇರೆ: ಎ.ಎನ್‌.ಎಂ. 2 ವರ್ಷ, ಜಿ.ಎನ್‌.ಎಂ. 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಇವು ಮುಗಿಸಿದವರ ಹೆಸರು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುತ್ತದೆ. ಜಿ.ಡಿ.ಎ. ಮಾಡಿದವರದ್ದು ಆಗುವುದಿಲ್ಲ. ನಮ್ಮದು ಸಹಾಯಕರ ಕೆಲಸ. ಅದರಲ್ಲಿ ನಾಚಿಕೆ ಏನಿಲ್ಲ, ಆದರೆ ಗೊತ್ತಿರಬೇಕು ಅಲ್ವಾ?

ಜಿ.ಡಿ.ಎ. ಪರೀಕ್ಷೆಯ ಸರ್ಟಿಫಿಕೇಟ್ ಕೊಡುವುದು ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್. ಕೌಶಲ ಕೋರ್ಸುಗಳ ಮೇಲೆ ನಿಗಾ ಇಡುವುದು ಎನ್‌.ಸಿ.ವಿ.ಇ.ಟಿ. ಎಂಬ ಕೇಂದ್ರದ ಸಂಸ್ಥೆ. ಸೆಂಟರಿಗೆ ಹೋದಾಗ ಹಳೆಯ ಬ್ಯಾಚಿನ ಯಾರದ್ದಾದರೂ ಸರ್ಟಿಫಿಕೇಟ್ ತೋರಿಸಿ ಎಂದು ಕೇಳಿ. ಈ ಎರಡು ಹೆಸರು ಅದರ ಮೇಲಿವೆಯಾ ನೋಡಿ. ಜೊತೆಗೆ ಇನ್ನೆರಡು ಪ್ರಶ್ನೆ: ಆಸ್ಪತ್ರೆಯಲ್ಲಿ ನಿಂತು ಕಲಿಯುವ ಅವಧಿ ಎಷ್ಟು, ಯಾವ ಆಸ್ಪತ್ರೆಯಲ್ಲಿ? ಬರವಣಿಗೆ ಪರೀಕ್ಷೆ ಯಾವ ಭಾಷೆಯಲ್ಲಿ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಪರೀಕ್ಷೆ ತೆಗೆದುಕೊಳ್ಳುವವರು ನಿಮಗೆ ಕಲಿಸಿದ ಟೀಚರ್ ಆಗಿರುವುದಿಲ್ಲ, ಹೊರಗಿನಿಂದ ಬರುತ್ತಾರೆ. ನೀವು ಕೋರ್ಸಿನುದ್ದಕ್ಕೂ ಎಷ್ಟು ಒಳ್ಳೆಯವರಾಗಿದ್ದಿರಿ ಅಂತ ಅವರಿಗೆ ಗೊತ್ತಿರುವುದಿಲ್ಲ. ಆ ಹತ್ತು ಹದಿನೈದು ನಿಮಿಷದಲ್ಲಿ ಕಂಡದ್ದು, ಕೇಳಿದ್ದು ಮಾತ್ರ ಲೆಕ್ಕ.

ಫಾರ್ಮಿನಲ್ಲಿ ಹೆಸರು

ಇದು ಚಿಕ್ಕ ವಿಷಯ ಅನ್ನಿಸಬಹುದು. ನಮ್ಮ ಕಡೆಯವರಿಗೆ ಇದೇ ದೊಡ್ಡ ತಲೆನೋವು. ಊರಿನ ಮಾರ್ಕ್ಸ್‌ಕಾರ್ಡಿನಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇರುತ್ತದೆ. ಮಹಾರಾಷ್ಟ್ರದ ಫಾರ್ಮ್ ಹೆಸರು, ಅಪ್ಪ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಕೇಳುತ್ತದೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಇನ್ನೊಂದು ಹೆಸರು. ಹೀಗಾಗಿ ಒಬ್ಬಳೇ ಹೆಂಗಸು ಮೂರು ಕಾಗದದಲ್ಲಿ ಮೂರು ಜನ ಆಗಿರುತ್ತಾಳೆ.

ಆಧಾರ್‌ನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಬರೆಸಿ. ಆಧಾರ್‌ನಲ್ಲೇ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಫಾರ್ಮ್ ತುಂಬಿ. ಆಫೀಸಿನ ಹುಡುಗ ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಅವನಿಗೆ ಬೇಜಾರಾದರೆ ಆಗಲಿ.

ಮೂರು ಕಾಲಮ್ಮಿನ ನೋಟ್‌ಬುಕ್

ನನಗೆ ಪಾಠ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಕನ್ನಡದಲ್ಲಿ ಬರುತ್ತಿತ್ತು. ಬಾಯಿಂದ ಹಿಂದಿ ಹೊರಡುವಷ್ಟರಲ್ಲಿ ಪರೀಕ್ಷಕರು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಿದ್ದರು. ನಮ್ಮಲ್ಲಿ ಎಷ್ಟೋ ಜನ ಸೋಲುವುದು ಇಲ್ಲೇ.

ಉದ್ದನೆಯ ನೋಟ್‌ಬುಕ್ ತಂದು ಮೂರು ಕಾಲಮ್ ಎಳೆಯಿರಿ: ಕನ್ನಡ, ಹಿಂದಿ, ಮರಾಠಿ. ಮಗ್ಗುಲು ಬದಲಿಸುವುದಕ್ಕೆ ಹಿಂದಿಯಲ್ಲಿ 'ಕರ್‌ವಟ್', ಮರಾಠಿಯಲ್ಲಿ 'ಕೂಸ್'. ಮೂತ್ರಕ್ಕೆ 'ಪೇಶಾಬ್', 'ಲಘವಿ'. ಜ್ವರಕ್ಕೆ 'ಬುಖಾರ್', 'ತಾಪ್'. ನೋಯುತ್ತಿದೆಯಾ ಎನ್ನುವುದಕ್ಕೆ 'ದರ್ದ್ ಹೋ ರಹಾ ಹೈ ಕ್ಯಾ', 'ದುಖತಂಯ್ ಕಾ'. ಇಂಗ್ಲಿಷಿನಲ್ಲೇ ನಡೆಯುವ ಮಾತುಗಳು, ಅಂದರೆ ಪಲ್ಸ್, ಬೆಡ್‌ಸೋರ್ (ಮಲಗಿದಲ್ಲೇ ಮಲಗಿ ಆಗುವ ಹುಣ್ಣು), ಕ್ಯಾಥೆಟರ್ (ಮೂತ್ರದ ನಳಿಕೆ), ಬೆಡ್‌ಪ್ಯಾನ್ ಇವಕ್ಕೆ ಅನುವಾದ ಹುಡುಕಿ ತಲೆಕೆಡಿಸಿಕೊಳ್ಳಬೇಡಿ. ಮೂರೂ ಭಾಷೆಯಲ್ಲಿ ಅವು ಅವೇ. ಅರ್ಥವನ್ನು ಮಾತ್ರ ಕನ್ನಡದಲ್ಲಿ ಪಕ್ಕಾ ಮಾಡಿಕೊಳ್ಳಿ.

ಒಂದು ತಮಾಷೆ ಹೇಳಲೇಬೇಕು. ಆಸ್ಪತ್ರೆಯ ಅಭ್ಯಾಸದ ಮೊದಲ ದಿನ ಸಿಸ್ಟರ್ ಒಬ್ಬರು ಹಾಸಿಗೆಯಲ್ಲಿದ್ದ ಅಜ್ಜಿಗೆ 'ಉಠಾ ಆಜಿ, ಉಠಾ' ಅಂದರು. ನಾನು ಅಜ್ಜಿಗೆ ಊಟ ಬೇಕಂತೆ ಅಂತ ತಟ್ಟೆ ತರಲು ಓಡಿದೆ. ಮರಾಠಿಯ ಉಠಾ ಅಂದರೆ ಏಳಿ.

ನಾನು ಬೆಳಿಗ್ಗೆ ಡಬ್ಬಾಕ್ಕೆ ಅಡುಗೆ ಮಾಡಿಕೊಟ್ಟು ದಾದರ್ ಕಡೆ ಕ್ಲಾಸಿಗೆ ಹೋಗುತ್ತಿದ್ದೆ. ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದರೆ ಒಂದು ಗಂಟೆಯ ಹತ್ತಿರ. ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡು ಪುಸ್ತಕ ತೆರೆಯುವುದು ಸಾಧ್ಯವಿಲ್ಲ. ಆದರೆ ದಿನಕ್ಕೆ ಹತ್ತು ಶಬ್ದ ಬಾಯಿಪಾಠ ಮಾಡಬಹುದು. ಒಂದು ತಿಂಗಳಲ್ಲಿ ಎಷ್ಟಾಯಿತು ಲೆಕ್ಕ ಹಾಕಿ.

ಕೈ ತೊಳೆಯುವುದು

ಯಾವ ಪ್ರಾಕ್ಟಿಕಲ್ ಬಂದರೂ ಇದು ಮೊದಲೂ ಬರುತ್ತದೆ, ಕೊನೆಗೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ: ಸೋಪು ನೀರಿನಲ್ಲಾದರೆ ಒಟ್ಟು 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್. ಕೈಗೆ ಕೊಳೆ, ರಕ್ತ ಕಣ್ಣಿಗೆ ಕಾಣುವಂತಿದ್ದರೆ ಸ್ಯಾನಿಟೈಸರ್ ನಡೆಯುವುದಿಲ್ಲ, ಸೋಪೇ ಬೇಕು.

ಉಜ್ಜುವ ಕ್ರಮಕ್ಕೆ ಹಿಂದಿಯವರು 'ಸುಮನ್-ಕೆ' ಎಂಬ ಸೂತ್ರ ಮಾಡಿದ್ದಾರೆ. ಸೀಧಾ, ಉಲ್ಟಾ, ಮುಠ್ಠಿ, ಅಂಗೂಠಾ, ನಾಖೂನ್, ಕಲಾಯಿ. ನಾನು ಅದನ್ನು ಕನ್ನಡದಲ್ಲಿ ಹಾಡಿನ ಹಾಗೆ ಹೇಳಿಕೊಳ್ಳುತ್ತಿದ್ದೆ: ಅಂಗೈ, ಹಿಂಗೈ, ಮುಷ್ಟಿ, ಹೆಬ್ಬೆರಳು, ಉಗುರು, ಮಣಿಕಟ್ಟು. ಜಾಸ್ತಿ ಜನ ಹೆಬ್ಬೆರಳನ್ನು ಮರೆಯುತ್ತಾರೆ. ಇನ್ನು ಕೆಲವರು ಚೆನ್ನಾಗಿ ತೊಳೆದು, ಅದೇ ಕೈಯಿಂದ ನಲ್ಲಿ ತಿರುಗಿಸಿ ಬಂದ್ ಮಾಡುತ್ತಾರೆ. ಒರೆಸಿಕೊಂಡ ಕಾಗದದಿಂದ ನಲ್ಲಿ ಹಿಡಿಯಬೇಕು.

ಯಾವಾಗ ತೊಳೆಯಬೇಕು ಎಂಬ ಪ್ರಶ್ನೆ ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಖಾಯಂ. ಐದು ಸಂದರ್ಭ: ರೋಗಿಯನ್ನು ಮುಟ್ಟುವ ಮೊದಲು, ಗಾಯ ಕಟ್ಟುವಂಥ ಶುದ್ಧ ಕೆಲಸದ ಮೊದಲು, ರಕ್ತ ಮೂತ್ರ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಮುತ್ತಲಿನ ಮಂಚ, ಟೇಬಲ್ ಮುಟ್ಟಿದ ಮೇಲೆ. ಐದನೆಯದನ್ನು ಹೇಳಿದವರನ್ನು ಪರೀಕ್ಷಕರು ತಲೆಯೆತ್ತಿ ನೋಡುತ್ತಾರೆ. ಗ್ಲೌಸ್ ಹಾಕಿದ್ದರೆ ತೊಳೆಯಬೇಕಿಲ್ಲವಾ ಎಂದು ಸುಮ್ನೆ ಸಿಕ್ಕಿಸಲು ಕೇಳುತ್ತಾರೆ. ಹಾಕುವ ಮೊದಲೂ ಬೇಕು, ತೆಗೆದ ಮೇಲೂ ಬೇಕು.

ನಾಡಿ, ಉಸಿರು, ಜ್ವರ, ಬಿ.ಪಿ.

ಅಂಕಿಗಳು ಇಷ್ಟು. ದೊಡ್ಡವರ ನಾಡಿ ನಿಮಿಷಕ್ಕೆ 60ರಿಂದ 100. ಉಸಿರು 12ರಿಂದ 20. ಮೈ ಬಿಸಿ 98.6 ಫ್ಯಾರನ್‌ಹೀಟ್, ಅದೇ 37 ಸೆಲ್ಸಿಯಸ್. ರಕ್ತದ ಆಕ್ಸಿಜನ್ ಶೇಕಡಾ 95 ಅಥವಾ ಮೇಲೆ. ಬಿ.ಪಿ. 120/80. ಫ್ಯಾರನ್‌ಹೀಟಿನಿಂದ ಸೆಲ್ಸಿಯಸ್ ಮಾಡಲು 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿ. 100.4 ಅಂದರೆ 38 ಎಂಬುದನ್ನು ಬಾಯಿಪಾಠ ಮಾಡಿಕೊಂಡರೂ ಸಾಕು.

ಅಂಕಿ ಎಲ್ಲರಿಗೂ ಬರುತ್ತದೆ. ಮಾರ್ಕ್ಸ್ ಹೋಗುವುದು ಕೈಯ ರೀತಿಯಲ್ಲಿ. ನಾಡಿಯನ್ನು ತೋರುಬೆರಳು, ನಡುಬೆರಳಿನಿಂದ ನೋಡಬೇಕು. ಹೆಬ್ಬೆರಳಿನಲ್ಲಿ ನಮ್ಮದೇ ನಾಡಿ ಬಡಿಯುತ್ತದೆ, ಅದನ್ನು ರೋಗಿಯದ್ದು ಎಂದು ಎಣಿಸಿಬಿಡುತ್ತೇವೆ. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ವಾರ್ಡಿನಲ್ಲಿ ನಡೆಯುತ್ತದೆ. ಆದರೆ ನಾಡಿ ಏರುಪೇರಾಗಿದ್ದರೆ ಅದರಲ್ಲಿ ಗೊತ್ತೇ ಆಗುವುದಿಲ್ಲ. ಪರೀಕ್ಷೆಯಲ್ಲಂತೂ ಬೇಡ.

ಉಸಿರು ಎಣಿಸುವಾಗ ಹೇಳಿ ಎಣಿಸಬಾರದು. 'ನಿಮ್ಮ ಉಸಿರು ನೋಡುತ್ತೇನೆ' ಅಂದ ಕೂಡಲೇ ಯಾರಾದರೂ ಉಸಿರು ಬದಲಿಸುತ್ತಾರೆ. ಬೇಕಾದರೆ ಮನೆಯವರ ಮೇಲೆ ಪರೀಕ್ಷಿಸಿ ನೋಡಿ. ನಾಡಿ ಎಣಿಸಿದ ಮೇಲೂ ಮಣಿಕಟ್ಟನ್ನು ಹಿಡಿದೇ ಇರಿ. ಕಣ್ಣು ಎದೆಯ ಮೇಲಿರಲಿ. ಎದೆ ಮೇಲೆದ್ದು ಕೆಳಗಿಳಿದರೆ ಒಂದು. ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು ಎಂದೆನಲ್ಲ, ಇದೊಂದು ಅದಕ್ಕೆ ಹೊರತು. ಪರೀಕ್ಷಕರಿಗೆ ಮೊದಲೇ 'ನಾಡಿ ಆದ ಮೇಲೆ ರೋಗಿಗೆ ಹೇಳದೆ ಉಸಿರು ಎಣಿಸುತ್ತೇನೆ' ಎಂದು ಮೆಲ್ಲಗೆ ತಿಳಿಸಿಬಿಡಿ.

ಬಿ.ಪಿ. ನೋಡುವ ಮೊದಲು ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ. ತೋಳು ಎದೆಯ ಮಟ್ಟಕ್ಕಿರಲಿ, ಪಟ್ಟಿ ಮೊಣಕೈ ಮಡಿಕೆಯಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಇರಲಿ. ಸಲೈನ್ ಹೋಗುತ್ತಿರುವ ಕೈಗೆ ಕಟ್ಟಬೇಡಿ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿದ, ಅಂದರೆ ರಕ್ತನಾಳ ಜೋಡಿಸಿದ, ಕೈಗೂ ಬೇಡ. ಬೆರಳಿಗೆ ಆಕ್ಸಿಮೀಟರ್ ಹಾಕುವಾಗ ನೇಲ್‌ಪಾಲಿಶ್ ಇದ್ದರೆ ಅಂಕಿ ತಪ್ಪಬಹುದು. ಮದುವೆ ಸೀಸನ್ನಿನಲ್ಲಿ ಇದು ನಿಜಕ್ಕೂ ಎದುರಾಗುವ ಸಮಸ್ಯೆ.

ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಬಾಯಿಗಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. ಹಾಗಂತ ನೀವೇ ಕೂಡಿಸಿ ಬರೆಯಬೇಡಿ. ಕಂಡದ್ದನ್ನು ಬರೆದು, ಪಕ್ಕದಲ್ಲಿ 'ಕಂಕುಳು' ಎಂದು ನಮೂದಿಸಿ.

ಅತ್ತೆಯೇ ಮೊದಲ ಪೇಷೆಂಟ್

ಹಾಸಿಗೆಯಿಂದ ಗಾಲಿಕುರ್ಚಿಗೆ ರೋಗಿಯನ್ನು ಕೂರಿಸುವುದು. ನನ್ನ ಪ್ರಕಾರ ಇಡೀ ಪರೀಕ್ಷೆಯ ಪ್ರಾಣ ಇಲ್ಲಿದೆ. ಪುಸ್ತಕ ಓದಿ ಇದು ಬರುವುದಿಲ್ಲ. ನಾನು ಕಲಿತದ್ದು ನಮ್ಮ ಅತ್ತೆಯ ಮೇಲೆ. ವಿಜಾಪುರದ ಕಡೆಯವರು, ಎಪ್ಪತ್ತು ದಾಟಿದವರು, ಮೊಣಕಾಲು ನೋವಿನವರು. ಮನೆಯಲ್ಲಿ ಗಾಲಿಕುರ್ಚಿ ಎಲ್ಲಿ ಬರಬೇಕು? ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಆನಿಸಿ, ಅದೇ ಬ್ರೇಕ್ ಎಂದುಕೊಂಡೆ. ಅತ್ತೆಯ ಎಡಗೈ, ಎಡಗಾಲು ಸೋತಿದೆ ಅಂತ ನಾಟಕ. ಮೊದಲ ದಿನ ನಾನು ಅವರ ಕಂಕುಳಿಗೆ ಕೈಹಾಕಿ ಎತ್ತಲು ಹೋದೆ. "ಯವ್ವಾ, ಮೆಲ್ಲಕ! ನಿಂದು ಪಾಸ್ ಆಗೂದ್ರಾಗ ನನ್ನ ತೋಳ ಕಿತ್ತ ಬರ್ತದ" ಅಂದರು. ಸರಿಯಾಗೇ ಹೇಳಿದ್ದರು. ಕಂಕುಳಿಗೆ ಕೈಹಾಕಿ ಎತ್ತಿದರೆ ಭುಜದ ಕೀಲಿಗೆ ಪೆಟ್ಟಾಗುತ್ತದೆ, ಸೋತ ಕಡೆಯಂತೂ ಇನ್ನೂ ಜಾಸ್ತಿ.

ಕ್ರಮ ಹೀಗಿದೆ. ಒಂದೊಂದನ್ನೂ ಹೇಳುತ್ತಾ ಮಾಡಿ.

1. ನಮಸ್ಕಾರ ಹೇಳಿ ನಿಮ್ಮ ಹೆಸರು ಹೇಳಿ. ರೋಗಿಯ ಹೆಸರು ಕೇಳಿ, ಕೈಪಟ್ಟಿಯ ಜೊತೆ ತಾಳೆ ನೋಡಿ. ಏನು ಮಾಡುತ್ತೀರಿ ಎಂದು ತಿಳಿಸಿ, ಒಪ್ಪಿಗೆ ಪಡೆಯಿರಿ. ಪರದೆ ಎಳೆಯಿರಿ.
2. ಕೈ ತೊಳೆಯಿರಿ.
3. ಮಂಚವನ್ನು ತಗ್ಗಿಸಿ, ಮಂಚದ ಗಾಲಿಗೆ ಲಾಕ್ ಹಾಕಿ.
4. ಗಾಲಿಕುರ್ಚಿಯನ್ನು ರೋಗಿಯ ಗಟ್ಟಿ ಬದಿಗೆ, ಮಂಚಕ್ಕೆ ಸ್ವಲ್ಪ ಓರೆಯಾಗಿ ಇಡಿ. ಎರಡೂ ಬ್ರೇಕ್ ಹಾಕಿ. 'ಬ್ರೇಕ್ ಹಾಕಿದೆ' ಎಂದು ಹೇಳಿ, ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ತೋರಿಸಿ. ಕಾಲಿಡುವ ಹಲಗೆ ಮೇಲಕ್ಕೆ ಮಡಚಿ.
5. ರೋಗಿಯನ್ನು ಮಗ್ಗುಲಾಗಿಸಿ ಮಂಚದ ಅಂಚಿಗೆ ಕೂರಿಸಿ. ಅವಸರ ಬೇಡ. ಮಲಗಿದವರು ಥಟ್ಟನೆ ಎದ್ದರೆ ಬಿ.ಪಿ. ಇಳಿದು ಕಣ್ಣು ಕತ್ತಲೆ ಬರುತ್ತದೆ. 'ತಲೆ ಸುತ್ತುತ್ತಿದೆಯಾ?' ಎಂದು ಕೇಳಿ. ಮರಾಠಿಯಲ್ಲಿ 'ಚಕ್ಕರ್ ಯೇತೇಯ್ ಕಾ?' ಜಾರದ ಚಪ್ಪಲಿ ಹಾಕಿಸಿ.
6. ಎದುರಿಗೆ ನಿಲ್ಲಿ. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಬೆನ್ನು ನೇರ. ಬೆಲ್ಟ್ ಕೊಟ್ಟಿದ್ದರೆ ಸೊಂಟಕ್ಕೆ ಕಟ್ಟಿ ಅದನ್ನೇ ಹಿಡಿಯಿರಿ. ರೋಗಿ ನಿಮ್ಮ ಕೊರಳಿಗೆ ಜೋತುಬೀಳಬಾರದು.
7. 'ಒಂದು, ಎರಡು, ಮೂರು' ಎಣಿಸಿ ಎಬ್ಬಿಸಿ. ಪಾದ ತಿರುಗಿಸುತ್ತಾ ಕುರ್ಚಿಯ ಕಡೆ ಹೊರಳಿ, ನಿಮ್ಮ ಬೆನ್ನು ತಿರುಚಬೇಡಿ. ಕುರ್ಚಿಯ ಅಂಚು ಮೊಣಕಾಲಿನ ಹಿಂದೆ ತಾಗಿದ ಮೇಲೆ ಮೆಲ್ಲಗೆ ಕೂರಿಸಿ.
8. ಹಲಗೆ ಇಳಿಸಿ ಪಾದ ಇಡಿಸಿ. ಕೈಗೆ ಎಟುಕುವಂತೆ ಕರೆಗಂಟೆ ಇಡಿ. ಕೈ ತೊಳೆಯಿರಿ. ಬರೆದಿಡಿ.

ಹತ್ತು ದಿನ ಮಾಡಿದ ಮೇಲೆ ಅತ್ತೆಯೇ ನನಗೆ ಪಾಠ ಹೇಳತೊಡಗಿದರು. "ಬ್ರೇಕ್ ಹಾಕಿದೆ ಅನ್ನಲಿಲ್ಲ ನೀ" ಎಂದು ಕೂತಲ್ಲೇ ಗದರುತ್ತಿದ್ದರು. ಇದಕ್ಕಿಂತ ಒಳ್ಳೆಯ ಕೋಚಿಂಗ್ ಸಿಗುವುದಿಲ್ಲ. ನಿಮ್ಮ ಮನೆಯಲ್ಲೂ ಒಬ್ಬರು ಹಿರಿಯರು ಇದ್ದೇ ಇರುತ್ತಾರೆ. ಆದರೆ ಒಂದು, ನಿಜವಾಗಿ ಮೂಳೆ ಸವೆದವರು, ಆಪರೇಷನ್ ಆದವರ ಮೇಲೆ ಪ್ರಯೋಗ ಮಾಡಬೇಡಿ.

ಬಟ್ಟೆ ಬದಲಿಸುವುದನ್ನೂ ಹೀಗೇ ಕಲಿಯಿರಿ. ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಗಟ್ಟಿ ಕೈ ಮೊದಲು. ಉಲ್ಟಾ ಮಾಡಿ ನೋಡಿ, ಯಾಕೆಂದು ತಾನಾಗಿಯೇ ಗೊತ್ತಾಗುತ್ತದೆ.

ಮಲಗಿದವರ ಆರೈಕೆ

ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆಡ್‌ಸೋರ್. ಎಲ್ಲೆಲ್ಲಿ ಆಗುತ್ತದೆ ಎಂದರೆ ಮೂಳೆ ಚರ್ಮಕ್ಕೆ ಹತ್ತಿರ ಇರುವಲ್ಲಿ: ಸೊಂಟದ ಕೆಳಗೆ, ಹಿಮ್ಮಡಿ, ಮೊಣಕೈ, ಹೆಗಲಿನ ಹಿಂಭಾಗ, ತಲೆಯ ಹಿಂಭಾಗ. ಕೆಂಪಾದ ಜಾಗವನ್ನು ಗಸಗಸ ತಿಕ್ಕಬಾರದು. ಸಿಸ್ಟರಿಗೆ ಹೇಳಬೇಕು. ನಮ್ಮಲ್ಲಿ ಎಣ್ಣೆ ಹಚ್ಚಿ ತಿಕ್ಕುವ ಅಭ್ಯಾಸ ಜಾಸ್ತಿ, ವೈವಾದಲ್ಲಿ ಬಾಯಿ ತಪ್ಪಿ ಅದನ್ನೇ ಹೇಳಿಬಿಡಬೇಡಿ.

ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ರೋಗಿಯನ್ನು ಸಾಗಿಸುವಾಗ ಚೀಲವನ್ನು ಹೊಟ್ಟೆಯ ಮೇಲೆ ಇಟ್ಟರೆ ಮೂತ್ರ ವಾಪಸು ಹೋಗಿ ಸೋಂಕು ಆಗುತ್ತದೆ. ಊಟ ಮಾಡಿಸುವಾಗ ತಲೆಭಾಗ ಎತ್ತಿರಲಿ, ಊಟವಾದ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಪ್ರಜ್ಞೆ ಇಲ್ಲದವರ ಬಾಯಿ ಶುಚಿ ಮಾಡುವಾಗ ತಲೆ ಒಂದು ಪಕ್ಕಕ್ಕೆ. ಕಣ್ಣು ಒರೆಸುವುದು ಮೂಗಿನ ಕಡೆಯಿಂದ ಹೊರಕ್ಕೆ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಹೆಂಗಸರ ಗುಪ್ತಾಂಗ ಶುಚಿ ಮುಂದಿನಿಂದ ಹಿಂದಕ್ಕೆ.

ಇನ್‌ಟೇಕ್ ಔಟ್‌ಪುಟ್ ಚಾರ್ಟಿಗೆ ಎಂ.ಎಲ್. ಅಂದಾಜು ಬೇಕು. ಮನೆಯ ಲೋಟ, ಚೊಂಬು, ಚಹಾದ ಕಪ್ಪು ಎಲ್ಲವನ್ನೂ ಒಮ್ಮೆ ಬಿಸ್ಲೇರಿ ಬಾಟಲಿಯ ನೀರಿನಿಂದ ಅಳೆದು ಬರೆದಿಟ್ಟುಕೊಳ್ಳಿ. ನಮ್ಮನೆಯ ಸ್ಟೀಲ್ ಲೋಟ 200 ಅಂದುಕೊಂಡಿದ್ದೆ, ಅಳೆದಾಗ 250 ಇತ್ತು. ಚಹಾ, ಗಂಜಿಯ ತಿಳಿ, ಸಲೈನ್ ಎಲ್ಲವೂ ಒಳಗೆ ಹೋದದ್ದರ ಲೆಕ್ಕ. ಮೂತ್ರದ ಜೊತೆ ವಾಂತಿಯೂ ಹೊರಗೆ ಬಂದದ್ದರ ಲೆಕ್ಕ. ಗಂಟೆಗೆ 30 ಎಂ.ಎಲ್.ಗಿಂತ ಕಡಿಮೆ ಮೂತ್ರ ಬಂದರೆ ತಕ್ಷಣ ಸಿಸ್ಟರಿಗೆ ತಿಳಿಸಬೇಕು.

ಕಸದ ಡಬ್ಬಿ, ಮತ್ತು ಯೂಟ್ಯೂಬಿನ ಮೋಸ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ನಾಲ್ಕು ಬಣ್ಣ. ಹಳದಿಗೆ ರಕ್ತ ತಾಗಿದ ಹತ್ತಿ, ಬ್ಯಾಂಡೇಜ್, ದೇಹದ ಭಾಗ, ಅವಧಿ ಮುಗಿದ ಔಷಧಿ. ಕೆಂಪಿಗೆ ಬಳಸಿದ ಪ್ಲಾಸ್ಟಿಕ್: ಸಲೈನ್ ನಳಿಕೆ, ಕ್ಯಾಥೆಟರ್, ಮೂತ್ರದ ಚೀಲ, ಗ್ಲೌಸ್, ಸೂಜಿ ತೆಗೆದ ಸಿರಿಂಜ್. ಬಿಳಿ ಗಟ್ಟಿ ಡಬ್ಬಿಗೆ ಸೂಜಿ, ಬ್ಲೇಡ್. ನೀಲಿಗೆ ಗಾಜು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಸಂಸ್ಕರಿಸದ ಕಸ 48 ಗಂಟೆಗಿಂತ ಜಾಸ್ತಿ ಇಡಬಾರದು.

ಈಗ ಮೋಸದ ಮಾತು. 'ನರ್ಸಿಂಗ್ ಅಸಿಸ್ಟೆಂಟ್ ಸ್ಕಿಲ್ಸ್' ಎಂದು ಹುಡುಕಿದರೆ ಮೇಲೆ ಬರುವ ವಿಡಿಯೊಗಳು ಹೆಚ್ಚಾಗಿ ಅಮೆರಿಕದ ಸಿ.ಎನ್‌.ಎ., ಅಂದರೆ ಅಲ್ಲಿನ ನರ್ಸಿಂಗ್ ಸಹಾಯಕರ, ಪರೀಕ್ಷೆಯವು. ಅಲ್ಲಿನದು ಬೇರೆ ಪದ್ಧತಿ, 1987ರ ಕಾನೂನಿನಿಂದ ಬಂದದ್ದು, ಕನಿಷ್ಠ 75 ಗಂಟೆ ತರಬೇತಿ ಎಂಬ ನಿಯಮ ಅವರದ್ದು. ಕೈಯ ಚಲನೆ ನೋಡಲು ಆ ವಿಡಿಯೊಗಳು ಬಹಳ ಚೆನ್ನಾಗಿವೆ, ನಾನೂ ನೋಡಿದ್ದೇನೆ. ಆದರೆ ರಕ್ತದ ಬಟ್ಟೆಯನ್ನು ಅಲ್ಲಿ ಕೆಂಪು ಚೀಲಕ್ಕೆ ಹಾಕುತ್ತಾರೆ. ಇಲ್ಲಿ ಅದು ಹಳದಿ. ನಮ್ಮ ಬ್ಯಾಚಿನ ಒಬ್ಬಳು ವಿಡಿಯೊ ನೋಡಿ ನೋಡಿ ಕೆಂಪು ಎಂದೇ ಬರೆದು ಬಂದಳು.

ವೈವಾ: 'ಇಲ್ಲ' ಎನ್ನಲು ಕಲಿಯಿರಿ

ಜ್ಞಾನದ ಪ್ರಶ್ನೆಗಳಿಗಿಂತ ವೈವಾದಲ್ಲಿ ಸಂದರ್ಭದ ಪ್ರಶ್ನೆಗಳು ಜಾಸ್ತಿ. 'ಸಿಸ್ಟರ್ ಬಿಜಿ ಇದ್ದಾರೆ, ಈ ಇಂಜೆಕ್ಷನ್ ಕೊಟ್ಟುಬಿಡು ಅಂದರು. ಏನು ಮಾಡುತ್ತೀರಿ?' ನಮ್ಮವರಿಗೆ ದೊಡ್ಡವರ ಮಾತು ಮೀರಿ ಗೊತ್ತಿಲ್ಲ, 'ಕೊಡುತ್ತೇನೆ' ಅಂದುಬಿಡುತ್ತಾರೆ. ಸರಿಯಾದ ಉತ್ತರ: 'ಅದು ನನ್ನ ಕೆಲಸದ ವ್ಯಾಪ್ತಿಯಲ್ಲಿ ಇಲ್ಲ ಸಿಸ್ಟರ್, ನೀವು ಬರುವವರೆಗೆ ರೋಗಿಯ ಹತ್ತಿರ ನಿಂತಿರುತ್ತೇನೆ.' ಇಂಜೆಕ್ಷನ್, ಸಲೈನ್ ಹಾಕುವುದು, ಕ್ಯಾಥೆಟರ್ ತೂರಿಸುವುದು ನಮ್ಮದಲ್ಲ. ರೋಗಿಯ ಮನೆಯವರಿಗೆ ರಿಪೋರ್ಟ್ ಬಿಡಿಸಿ ಹೇಳುವುದೂ ನಮ್ಮದಲ್ಲ. ರೋಗಿ ನಮ್ಮ ಕನ್ನಡದವರೇ, ಊರಿನ ಪರಿಚಯದವರೇ ಆಗಿದ್ದರೂ ಅವರ ಕಾಯಿಲೆಯ ಸುದ್ದಿ ವಾರ್ಡಿನ ಹೊರಗೆ ಹೋಗಬಾರದು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

'ರೋಗಿ ಸ್ನಾನ ಬೇಡ ಎಂದರೆ?' ಒತ್ತಾಯ ಮಾಡಬಾರದು, ಕಾರಣ ಕೇಳಿ, ಆಮೇಲೆ ಮತ್ತೆ ಕೇಳಿ, ಸಿಸ್ಟರಿಗೆ ತಿಳಿಸಿ. 'ರೋಗಿ ಬಿದ್ದರೆ?' ಎತ್ತಲು ಹೋಗಬೇಡಿ. ಸಹಾಯಕ್ಕೆ ಕೂಗಿ, ಅಲ್ಲೇ ಇರಿ, ಸಿಸ್ಟರ್ ನೋಡುವವರೆಗೆ ಅಲುಗಾಡಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ಸಿಸ್ಟರನ್ನು ಕೇಳಿ ಮಾಡುತ್ತೇನೆ' ಎನ್ನಿ. ಇದಕ್ಕೂ ಬೆಲೆ ಇದೆ.

ತುರ್ತಿನ ವಿಷಯದಲ್ಲಿ ಕೋಡ್ ಬ್ಲೂ ಅಂದರೆ ಹೃದಯ ನಿಂತದ್ದು, ಕೋಡ್ ರೆಡ್ ಬೆಂಕಿ, ಕೋಡ್ ಪಿಂಕ್ ಮಗು ಕಾಣೆಯಾದದ್ದು. ಎದೆ ಒತ್ತುವ ಲೆಕ್ಕ ನಿಮಿಷಕ್ಕೆ 100ರಿಂದ 120, ಆಳ ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್, 30 ಸಲ ಒತ್ತಿ 2 ಉಸಿರು. ಮಹಾರಾಷ್ಟ್ರದಲ್ಲಿ ಆಂಬುಲೆನ್ಸಿಗೆ 108.

ಪರೀಕ್ಷೆಯ ದಿನ

ಬರವಣಿಗೆಯ ಬಗ್ಗೆ ಹೇಳುವುದು ಸ್ವಲ್ಪವೇ. ಆಯ್ಕೆಯ ಪ್ರಶ್ನೆಗಳು. ಟ್ಯಾಬ್‌ನಲ್ಲಿ ಇದ್ದರೆ ಮಗನ ಮೊಬೈಲಿನಲ್ಲಿ ಒಂದೆರಡು ಅಣಕು ಪರೀಕ್ಷೆ ಮಾಡಿ ಬೆರಳು ಪಳಗಿಸಿಕೊಳ್ಳಿ. ಎರಡು ಉತ್ತರ ಸರಿ ಅನ್ನಿಸಿದರೆ, ರೋಗಿಗೆ ಅಪಾಯ ಯಾವುದರಲ್ಲಿ ಕಡಿಮೆಯೋ ಅದನ್ನು ಆರಿಸಿ. 'ಮೊದಲು ಏನು ಮಾಡುತ್ತೀರಿ' ಎಂದಿದ್ದರೆ 'ಮೊದಲು' ಎಂಬ ಶಬ್ದದ ಮೇಲೆ ಕಣ್ಣಿಡಿ.

ಹಿಂದಿನ ರಾತ್ರಿ ಉಗುರು ಕತ್ತರಿಸಿ. ಬಳೆ, ಉಂಗುರ ತೆಗೆದಿಡಿ. ಹಸಿರು ಬಳೆ ತೆಗೆಯಲು ಅತ್ತೆ, ಅಮ್ಮ ಒಪ್ಪದಿರಬಹುದು. ಹಿಂದಿನ ದಿನವೇ ಮಾತಾಡಿಕೊಳ್ಳಿ, ಬೆಳಿಗ್ಗೆ ಬಾಗಿಲಲ್ಲಿ ಜಗಳ ಬೇಡ. ಕೂದಲು ಬಿಗಿಯಾಗಿ ಕಟ್ಟಿ. ಸೆಕೆಂಡ್ ಮುಳ್ಳಿರುವ ಗಡಿಯಾರ ಬೇಕು, ನಾಡಿ ಎಣಿಸುವಾಗ ಮೊಬೈಲ್ ತೆಗೆಯಲು ಬಿಡುವುದಿಲ್ಲ. ಆಧಾರ್ ಮೂಲಪ್ರತಿ, ಫೋಟೊ, ಪೆನ್ನು. ಪರೀಕ್ಷೆ ಭಾನುವಾರ ಇದ್ದರೆ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವುದು) ಎಲ್ಲಿಂದ ಎಲ್ಲಿಯವರೆಗೆ ಎಂದು ಶನಿವಾರವೇ ನೋಡಿಕೊಳ್ಳಿ. ಇದಕ್ಕೆ ಸಿಕ್ಕಿ ಬೆವರು ಸುರಿಸಿಕೊಂಡು ಓಡಿ ಬಂದವರನ್ನು ನೋಡಿದ್ದೇನೆ. ಅವರ ನಾಡಿಯೇ 120 ಇರುತ್ತದೆ.

ಒಳಗೆ ಹೋದ ಮೇಲೆ ಏನಾದರೂ ಮರೆತದ್ದು ನೆನಪಾದರೆ ಮುಚ್ಚಿಡಬೇಡಿ. 'ಕ್ಷಮಿಸಿ, ಪರದೆ ಎಳೆಯಲು ಮರೆತೆ, ಈಗ ಎಳೆಯುತ್ತೇನೆ' ಎಂದು ಹೇಳಿ ಎಳೆಯಿರಿ. ರೋಗಿಗೆ ಅಪಾಯ ಆಗುವ ಮೊದಲು ನೀವೇ ತಿದ್ದಿಕೊಂಡರೆ ಒಳ್ಳೆಯದೇ. ಪರೀಕ್ಷೆಯಲ್ಲಿ ನಾನು ಕಾಲಿನ ಹಲಗೆ ಮಡಚುವುದನ್ನು ಮರೆತಿದ್ದೆ. ರೋಗಿಯ ಪಾತ್ರದಲ್ಲಿದ್ದ ಹುಡುಗಿಯನ್ನು ಎಬ್ಬಿಸುವ ಮೊದಲು ಕಣ್ಣಿಗೆ ಬಿತ್ತು. ಹೇಳಿದೆ, ಮಡಚಿದೆ. ಪರೀಕ್ಷಕರು ತಲೆಯಾಡಿಸಿ ಏನೋ ಬರೆದುಕೊಂಡರು. ಅದಕ್ಕೂ ಮೊದಲು ಬ್ರೇಕ್ ಹಾಕುವಾಗ ಮಾತ್ರ ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಕೋಣೆಯಲ್ಲಿ ಪೇಪರ್ ಬರೆಯುತ್ತಿದ್ದವರು ಇಣುಕಿ ನೋಡಿದರು.